ಕರೇಮಟ್ಟಿಯ ತೊಟ್ಟಿಲನ್ನು ಸ್ಮಾರಕವೆಂದು ಘೋಷಿಸಿದ ತರುವಾಯ ಪಾಲಿಸಬೇಕಾದ ಕ್ರಮಗಳು

ಸ್ಮಾರಕಗಳು ಹಾಗೂ ಸ್ಥಳೀಯ ಆಕರ್ಷಣೆಗಳ ಕಾರ್ಯಾಲಯ
ಸಂಖ್ಯೆ: ಸ್ಮಾ.ಆ/ತೊಟ್ಟಿಲು/ಸು-೧/೨೦೨೫-೨೬

ವಿಷಯ: ಕಲಘಟಗಿ ತಾಲೂಕು ಕರೇಮಟ್ಟಿ ಗ್ರಾಮದ ಬಣ್ಣದ ತೊಟ್ಟಿಲಿನ ಸಂರಕ್ಷಣೆ, ವೀಕ್ಷಣೆ ಹಾಗೂ ತೂಗುವಿಕೆ ಕುರಿತು.

ಉಲ್ಲೇಖ: ಶ್ರೀಮತಿ ಮಲಿಕಾಬಿ ಇವರ ಮೌಖಿಕ ಮನವಿ (ಕಾರ್ಯಾಲಯದ ಬಾಗಿಲಲ್ಲಿ ನಿಂತು, ಗಟ್ಟಿಯಾಗಿ).

ಸದರಿ ಗ್ರಾಮದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಇದೇ ಹಳೆಯ ತೊಟ್ಟಿಲನ್ನು ಹೊತ್ತೊಯ್ದು, ಮುಂದಿನ ಕೂಸು ಹುಟ್ಟುವವರೆಗೆ ಆ ಮನೆಯಲ್ಲಿಯೇ ಇಡುವ ಪದ್ಧತಿ ಇರುತ್ತದೆ. ಘೋಷಣೆಯ ದಿನ ಅದು ಶ್ರೀಮತಿ ಮೈಲಾರವ್ವ ಇವರ ಪಡಸಾಲೆಯಲ್ಲಿದ್ದ ಕಾರಣ, ಅಲ್ಲಿಯೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗಿದೆ. ಮಲಿಕಾಬಿಯವರ ಮೊಮ್ಮಗಳನ್ನು ಬರುವ ಶುಕ್ರವಾರ ತೊಟ್ಟಿಲಿಗೆ ಹಾಕಬೇಕಾಗಿರುವುದರಿಂದ ಈ ಕೆಳಗಿನಂತೆ ವಿಧಿಸಲಾಗಿದೆ:

೧. ಸ್ಮಾರಕವು ಅಲುಗಾಡತಕ್ಕದ್ದಲ್ಲ. ತೂಗುವುದು ತೊಟ್ಟಿಲಿನ ಸ್ವಭಾವವೆಂಬ ಗ್ರಾಮಸ್ಥರ ವಾದವನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ.

೨. ಮೇಲಧಿಕಾರಿಗಳ ಭೇಟಿಯ ವೇಳೆ ಮಾತ್ರ ತೂಗಿ ತೋರಿಸಬಹುದು. ಖಾಲಿ ತೊಟ್ಟಿಲು ತೂಗಬಾರದೆಂಬ ಸ್ಥಳೀಯ ನಂಬಿಕೆಯನ್ನು ಗೌರವಿಸಿ, ಆಗ ಸಿಬ್ಬಂದಿಯೊಬ್ಬರು ಒಳಗೆ ಮಲಗತಕ್ಕದ್ದು. ಎತ್ತರವನ್ನು ಪರಿಗಣಿಸಿ ದ್ವಿತೀಯ ದರ್ಜೆ ಸಹಾಯಕ ಶ್ರೀ ಹುಲಿಗೇಶ ಇವರನ್ನು ನಿಯೋಜಿಸಲಾಗಿದೆ. ಸದರಿಯವರು ಕಾಲು ಮಡಚಿಕೊಳ್ಳತಕ್ಕದ್ದು.

೩. ಕೂಸಿಗಿಂತ ಮೊದಲು ಕುಲಾಯಿ (ಕೂಸಿನ ಟೊಪ್ಪಿಗೆ) ತೊಡಿಸಿದ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವ ವಾಡಿಕೆ ಗ್ರಾಮದಲ್ಲಿದೆಯಂತೆ. ಹಾಗೆ ದೊರೆತ ಕಲ್ಲನ್ನು ನಮ್ಮ ತಜ್ಞರು 'ಶಿರಸ್ತ್ರಾಣಧಾರಿ ಅಜ್ಞಾತ ಅರಸ' ಎಂದು ದಾಖಲಿಸಿರುತ್ತಾರೆ. "ಯಪ್ಪಾ, ಅದು ನಮ್ಮ ಚಟ್ನಿ ಅರಿಯೂ ಕಲ್ಲ್ರಿ" ಎಂಬ ಮೈಲಾರವ್ವನವರ ಹೇಳಿಕೆಯನ್ನು ಸದರಿ ಅರಸನ ಆಹಾರ ಪದ್ಧತಿಗೆ ಸಾಕ್ಷ್ಯವೆಂದು ಸ್ವೀಕರಿಸಲಾಗಿದೆ.

೪. "ಸಾಹೇಬ್ರ, ನನ್ನ ಮಗಳು ಇದರಾಗ ಮಲಗ್ಯಾಳ, ಮೈಲಾರವ್ವನ ಮಗಾನೂ ಮಲಗ್ಯಾನ. ಈ ಕೂಸೊಂದು ನೆಲದ ಮ್ಯಾಲ ಮಲಗಬೇಕೇನ್ರಿ?" ಎಂಬ ಮಲಿಕಾಬಿಯವರ ಪ್ರಶ್ನೆಗೆ ಉತ್ತರಿಸಲು ಸಮಿತಿ ರಚಿಸಲಾಗುವುದು. ವರದಿ ಬರುವವರೆಗೆ ಶಿಶುವು ಬೆಳೆಯದಂತೆ ನೋಡಿಕೊಳ್ಳಲು ಕುಟುಂಬದವರಿಗೆ ತಿಳಿಸಲಾಗಿದೆ.

ತಿದ್ದುಪಡಿ: ಈ ಸುತ್ತೋಲೆಯು ಸಹಿಗೆ ಹೋಗಿದ್ದ ಅವಧಿಯಲ್ಲಿ ಶುಕ್ರವಾರ ಕಳೆದುಹೋಗಿರುವುದನ್ನು ಗಮನಿಸಲಾಗಿದೆ. ಪರಿಶೀಲನೆ ವೇಳೆ ಪೆಟ್ಟಿಗೆಯಲ್ಲಿ ಕುಲಾಯಿಸಹಿತ ಕಲ್ಲು ಮಾತ್ರ ಕಂಡುಬಂದಿರುತ್ತದೆ. ಬೀಗ ಸುಸ್ಥಿತಿಯಲ್ಲಿದೆ. ಗೋಡೆ ಇದ್ದೇ ಇದೆಯೆಂದು ಪೆಟ್ಟಿಗೆಯ ಹಿಂಬದಿಗೆ ಗಾಜು ಹಾಕಿಸಿರಲಿಲ್ಲ. ಪೆಟ್ಟಿಗೆಯನ್ನು ಯಾರೋ ಮುಂದಕ್ಕೆ ಸರಿಸಿರುತ್ತಾರೆ. ತೊಟ್ಟಿಲು ಮಲಿಕಾಬಿಯವರ ಮನೆಯಲ್ಲಿದೆ. ಜಪ್ತಿಗೆ ತೆರಳಿದ ಶ್ರೀ ಹುಲಿಗೇಶ ಇವರಿಗೆ "ಸಾವಕಾಶ ಮಾತಾಡ್ರಿ, ಈಗರ ಮಲಗ್ಯಾಳ. ಬಂದೀರಲ್ಲ, ಒಂದೀಟ ಹಗ್ಗ ಹಿಡೀರಿ" ಎಂದು ಮಲಿಕಾಬಿಯವರು ಹೇಳಲಾಗಿ, ಸದರಿ ಸಹಾಯಕರು ಸಂಜೆಯವರೆಗೆ ತೂಗಿ ಬರಿಗೈಯಲ್ಲಿ ಹಿಂದಿರುಗಿರುತ್ತಾರೆ. ಇದನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಲಾಗಿದೆ.

ಕಾರ್ಯಾಲಯದ ಘನತೆಯನ್ನು ಕಾಪಾಡುವ ದೃಷ್ಟಿಯಿಂದ, ಇನ್ನು ಮುಂದೆ ಗುಂಡುಕಲ್ಲೇ ಸ್ಮಾರಕವೆಂದೂ, ತೊಟ್ಟಿಲು ಅದರ ಹಳೆಯ ಹಾಸಿಗೆಯೆಂದೂ ಭಾವಿಸತಕ್ಕದ್ದು. ಸ್ಮಾರಕವು ಬೆಳಿಗ್ಗೆ ಚಟ್ನಿ ಅರೆಯಲು ಹೊರಹೋಗುವುದರಿಂದ ವೀಕ್ಷಣೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ನಿಗದಿಪಡಿಸಲಾಗಿದೆ.

ಸಹಿ/- (ಓದಲಾಗುವುದಿಲ್ಲ)
ವಿಶೇಷಾಧಿಕಾರಿ, ಚಲಿಸುವ ಸ್ಮಾರಕಗಳು

ಪ್ರತಿಗಳು:
ಅರಸರ ವಂಶಾವಳಿ ಸಿದ್ಧಪಡಿಸುತ್ತಿರುವ ತಜ್ಞರಿಗೆ, ಕೆಲಸ ನಿಲ್ಲಿಸುವ ಸೂಚನೆಯೊಂದಿಗೆ.
ಶ್ರೀಮತಿ ಮೈಲಾರವ್ವ ಇವರಿಗೆ, ಸ್ಮಾರಕವನ್ನು ಪ್ರತಿದಿನ ತೊಳೆದು ಹಿಂದಿರುಗಿಸುವ ಕೋರಿಕೆಯೊಂದಿಗೆ.
ಶ್ರೀಮತಿ ಮಲಿಕಾಬಿ ಇವರಿಗೆ, ಶ್ರೀ ಹುಲಿಗೇಶ ಇವರ ಮುಖಾಂತರ. ಕೂಸು ಮಲಗಿದ್ದಲ್ಲಿ ಬಾಗಿಲು ಬಡಿಯತಕ್ಕದ್ದಲ್ಲ.