ಗೋಡೆ ಏರಿದ ಹಕ್ಕುಗಳು

ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಿ ಇದು ನಡೆಯಿತು. ಕಾನೂನನ್ನು ಗೋಡೆಗೆ ಏರಿಸಹೊರಟಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಆಗ ಅದೇ ಊರಿನ ಗಾಂಧಿನಗರದಲ್ಲಿ ಒಬ್ಬ ಅದಿರು ವ್ಯಾಪಾರಿಯ ಕಚೇರಿಯಲ್ಲಿ ವ್ಯವಸ್ಥಾಪಕಿಯಾಗಿದ್ದೆ. ಅವರ ಕುರುಗೋಡಿನ ಯಾರ್ಡಿನಲ್ಲಿ ಅದಿರು ಆರಿಸುತ್ತಿದ್ದ ಹುಸೇನಬಿಗೆ ಮಗಳ ಮದುವೆ ನಿಶ್ಚಯಕ್ಕಾಗಿ ಒಂದು ಭಾನುವಾರ ಬಿಡುವು ಬೇಕಾಗಿತ್ತು. ವಾರದ ರಜೆ ಎಂಬುದೇ ಇಲ್ಲವೆಂದು ಮೇಸ್ತ್ರಿ ಹೇಳಿದ್ದ.

ಗಾಂಧಿನಗರ

ಕಾರ್ಮಿಕರ ಹಕ್ಕುಗಳ ಸೂಚನೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಕಾರ್ಮಿಕ ನಿರೀಕ್ಷಕರು ತಾಕೀತು ಮಾಡಿದರು. ಕಾಗದವೆಂದರೆ ಬಡವರ ಲಕ್ಷಣವೆಂದು ನಂಬಿದ್ದ ಮಾಲೀಕರು ಅದನ್ನು ತಮ್ಮ ಎ.ಸಿ. ಕೋಣೆಯ ಕಂಪ್ಯೂಟರಿಗೆ ಹಾಕಿಸಿದರು. ಆ ಕೋಣೆಗೆ ಕಾರ್ಮಿಕರಿಗೆ ಪ್ರವೇಶವಿರಲಿಲ್ಲ. ನಿರೀಕ್ಷಕರು ಮರಳಿ ಬಂದಾಗ, ಯಾರೂ ಮುಟ್ಟದೆ ಬಿಟ್ಟಿದ್ದ ಕಂಪ್ಯೂಟರಿನ ಪರದೆಯ ತುಂಬ ಸ್ಕ್ರೀನ್‌ಸೇವರಿನ ಬಣ್ಣದ ಮೀನುಗಳು ಈಜುತ್ತಿದ್ದವು. ಹಕ್ಕುಗಳೆಲ್ಲಿ ಎಂದು ಅವರು ಕೇಳಿದರು.

"ಮೀನಿನ ಹಿಂದ ಅದಾವ್ರಿ ಸಾಹೇಬ್ರ," ಎಂದರು ಮಾಲೀಕರು.

ಸಿರುಗುಪ್ಪ

ಸೂಚನೆ ಕೆಲಸದ ಸ್ಥಳದಲ್ಲೇ ಇರಬೇಕೆಂದು ಆಜ್ಞೆಯಾಯಿತು. ಮಾಲೀಕರು ತಮ್ಮ ಸಿರುಗುಪ್ಪದ ಅಕ್ಕಿ ಗಿರಣಿಗೂ ಕುರುಗೋಡಿನ ಯಾರ್ಡಿಗೂ ಸೂಚನೆ ತೋರಿಸಲು ಒಂದೊಂದು ದೊಡ್ಡ ಟಿವಿ ಕೊಂಡು ಗೋಡೆಗೆ ತೂಗುಹಾಕಿಸಿದರು. ನಾನು ಗಿರಣಿಗೆ ಹೋದಾಗ ಟಿವಿಗೆ ಗೋಣಿಚೀಲ ಹೊದಿಸಿ, ಮೇಲೊಂದು ಮಲ್ಲಿಗೆ ಹಾರ ಹಾಕಿದ್ದರು. ಇದು ಯಾರಿಗೆ ಕಾಣಬೇಕು ಎಂದು ಗದರಿದೆ.

ಗಿರಣಿಯ ಗುಮಾಸ್ತ ವಿನಯದಿಂದ ಹೇಳಿದ: "ತೌಡಿನ ಧೂಳು ಭಾಳ್ರಿ ಅಮ್ಮಾರ. ಕಾನೂನು ಹೊಲಸಾಗಬಾರದಂತ ಮುಚ್ಚೀವಿ."

ಕುರುಗೋಡು

ಇಲ್ಲಿ ಟಿವಿಗೆ ಹೊದಿಕೆ ಇರಲಿಲ್ಲ. ವಾರಕ್ಕೊಂದು ದಿನ ರಜೆ ಎಂಬ ಸಾಲನ್ನು ಹುಸೇನಬಿಗೆ ನಾನೇ ಓದಿ ಹೇಳಿದೆ. ಅವಳು ಹೋಗಿ ಮೇಸ್ತ್ರಿಯನ್ನು ಕೇಳಿದಳು. ಅದನ್ನು ಹಾಕಿರುವುದು ನೋಡುವುದಕ್ಕೆ, ಕೇಳುವುದಕ್ಕಲ್ಲ ಎಂದು ಅವನು ಅಟ್ಟಿದನಂತೆ.

ಮುಂದಿನ ಭಾನುವಾರ ಮಾಲೀಕರು ನಿರೀಕ್ಷಕರನ್ನು ಹೆಮ್ಮೆಯಿಂದ ಯಾರ್ಡಿಗೆ ಕರೆತಂದರು. ಜೊತೆಗೆ ನಾನೂ ಇದ್ದೆ. ಹೆಂಗಸರು ಎಂದಿನಂತೆ ಕೆಲಸದಲ್ಲಿದ್ದರು. ಟಿವಿ ಮಾತ್ರ ಕಪ್ಪಾಗಿತ್ತು. ಬಿಡುವಿಲ್ಲದೆ ಓಡಿಸಿದರೆ ಕಾದು ಕೆಡುತ್ತದೆ, ಆದ್ದರಿಂದ ಪ್ರತಿ ಭಾನುವಾರ ಬಂದ್ ಮಾಡುತ್ತೇನೆ ಎಂದು ಮೇಸ್ತ್ರಿ ವಿವರಿಸಿದ.

ಹುಸೇನಬಿ ಬುಟ್ಟಿ ಕೆಳಗಿಟ್ಟಳು.

"ಸಾವ್ಕಾರ್ರ, ಟಿವಿಗೆ ವಾರದ ರಜಾ ಐತಿ. ಹಂಗಾರ ನನ್ನೂ ಗ್ವಾಡಿಗೆ ತೂಗ ಹಾಕ್ರಿ. ಬರೋ ಐತವಾರ ಮಗಳ ನಿಶ್ಚಯ ಐತಿ."

ನಿರೀಕ್ಷಕರು ಮಾಲೀಕರ ಮುಖ ನೋಡಿದರು. ಮಾಲೀಕರು ಮೇಸ್ತ್ರಿಯ ಮುಖ ನೋಡಿದರು. ರಜೆ ಎಲ್ಲರಿಗೂ ಸಿಕ್ಕಿತು.

ನಿಶ್ಚಯದಲ್ಲಿ ಹಾಜರಿದ್ದವರು: ಹುಸೇನಬಿ, ಅವಳ ಮಗಳು ಶಮೀಮ, ಯಾರ್ಡಿನ ಹೆಂಗಸರೆಲ್ಲ, ಮೇಸ್ತ್ರಿ ಈರಣ್ಣ, ನಾನು, ಮತ್ತು ಲಾರಿ ತುಂಬಲು ಆಳು ಹುಡುಕಿಕೊಂಡು ಬಂದು ಊಟಕ್ಕೆ ಕುಳಿತ ಮಾಲೀಕರು.