ಕುಬಸದ ರೊಟ್ಟಿಗೆ ನಾನು ಬೀಸಿಸಿದ ಪೌಷ್ಟಿಕ ಹಿಟ್ಟು

ಕಾಳಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಮಸ್ಕಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಹೆಸರು, ಅಲಸಂದಿ, ಹುರುಳಿ, ಕಡಲೆ ಎಲ್ಲವೂ ದಿನವಿಡೀ ನನ್ನ ಕೈಯಲ್ಲೇ ಆಡುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಸಾಕು, ಹೊಸ ಮಾಲೋ ಹಳೆಯ ಮಾಲೋ ಹೇಳಬಲ್ಲೆ. ಅವು ಒಲೆ ಏರಿದ ಮೇಲೆ ಏನಾಗುತ್ತವೆ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಅದು ಸಣ್ಣ ವಿಷಯ ಎಂದುಕೊಂಡಿದ್ದೆ.

ಮಗಳು ಸವಿತಾ ಚೊಚ್ಚಲ ಹೆರಿಗೆಗೆಂದು ಸಿಂಧನೂರಿನ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಲಿಂಗಸುಗೂರಿನಲ್ಲಿ ಡಾಕ್ಟರಮ್ಮನಿಗೆ ತೋರಿಸಿದಾಗ, ರಕ್ತ ಕಡಿಮೆ ಇದೆ, ಬರೀ ಗುಳಿಗೆಯಿಂದ ಆಗುವುದಿಲ್ಲ, ಸೊಪ್ಪು ಕಾಳು ಬೆಲ್ಲ ಹೊಟ್ಟೆಗೆ ಬೀಳಬೇಕು ಎಂದರು. ಬೀಳುವುದೇ ಕಷ್ಟವಾಗಿತ್ತು. ಹುಡುಗಿ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಹೆಂಡತಿ ಶಂಕ್ರಮ್ಮ ಹೊತ್ತಿಗೊಂದು ಬಗೆ ಮಾಡಿ ಮುಂದಿಟ್ಟರೂ ಅಷ್ಟೇ. ಮಗಳ ಮುಖ ಬಿಳಿಚಿಕೊಂಡಿತ್ತು. ತಂದೆಯಾದವನು ಏನಾದರೂ ಮಾಡಲೇಬೇಕಿತ್ತು. ಮಾಡಿದೆ. ಮೊಬೈಲ್ ತೆಗೆದು ಪೌಷ್ಟಿಕ ಆಹಾರದ ವಿಡಿಯೋಗಳನ್ನು ನೋಡಲು ಕೂತೆ.

ಅಂಗಡಿಗೆ ಬಂದ ಗಿರಾಕಿಗಳು ಸಕ್ಕರೆ ಕೇಳಿದರೆ ನಾನು ಕಬ್ಬಿಣದ ಅಂಶದ ಬಗ್ಗೆ ಹೇಳತೊಡಗಿದೆ. ಒಬ್ಬಿಬ್ಬರು ಪಕ್ಕದ ಅಂಗಡಿಗೆ ಹೋದರು. ಹೋಗಲಿ, ಜ್ಞಾನ ಎಲ್ಲರಿಗೂ ದಕ್ಕುವುದಿಲ್ಲ ಎಂದು ಸಮಾಧಾನಪಟ್ಟೆ.

ಅಷ್ಟರಲ್ಲಿ ಕುಬಸದ ದಿನ, ಅಂದರೆ ಸೀಮಂತದ ದಿನ, ಹತ್ತಿರ ಬಂತು. ನಮ್ಮ ಓಣಿಯಲ್ಲಿ ಇಂಥ ಕಾರ್ಯವಿದ್ದರೆ ಮನೆಯಾಕೆ ಒಬ್ಬಳೇ ಕೂತು ರೊಟ್ಟಿ ಬಡಿಯುವುದಿಲ್ಲ. ಜೋಳದ ಹಿಟ್ಟನ್ನು ಬುಟ್ಟಿಗಳಿಗೆ ತುಂಬಿ, ಅರಿಸಿನ ಕುಂಕುಮ ಏರಿಸಿ ಮನೆ ಮನೆಗೆ ಕೊಟ್ಟರಾಯಿತು, ಎಲ್ಲರೂ ಬಡಿದು, ಖಡಕ್ಕಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ತಂದು ಕೊಡುತ್ತಾರೆ. ಶಂಕ್ರಮ್ಮ ತಂಗಿಯನ್ನು ಕರೆಯಲು, ಹಾಗೆಯೇ ಸೀರೆ ತರಲು ಮುದಗಲ್ಲಿಗೆ ಹೊರಟವಳು ಬಾಗಿಲಲ್ಲಿ ನಿಂತು ನನಗೆ ಹೇಳಿದಳು:

“ಜ್ವಾಳ ಬೀಸಿಸಿಕೊಂಡು ಬರ್ರಿ. ಅಷ್ಟ ಮಾಡ್ರಿ. ಬ್ಯಾರೆ ಏನೂ ಮಾಡಬ್ಯಾಡ್ರಿ.”

ಮೊದಲ ವಾಕ್ಯ ಚೆನ್ನಾಗಿ ಕೇಳಿಸಿತು. ಉಳಿದೆರಡು ಬಸ್ಸಿನ ಹಾರ್ನಿನಲ್ಲಿ ಹೋದವು ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಜೋಳದ ಚೀಲ ಬಿಚ್ಚಿದಾಗ ನನಗೆ ಹೊಳೆಯಿತು. ಮಗಳು ತಿನ್ನುವುದೇ ಎರಡು ತುತ್ತಾದರೆ, ಆ ಎರಡು ತುತ್ತಿನಲ್ಲೇ ಸಕಲ ಸತ್ವವನ್ನೂ ತುಂಬಿಬಿಟ್ಟರೆ? ಇಷ್ಟು ಸರಳ ಉಪಾಯ ಡಾಕ್ಟರಮ್ಮನಿಗೂ ಹೊಳೆದಿರಲಿಲ್ಲವಲ್ಲ! ಅಂಗಡಿಗೆ ಹೋಗಿ ಡಬ್ಬಿಗಳಿಗೆ ಕೈಹಾಕಿದೆ. ಹೆಸರು ಹಾಕಿದೆ, ಅಲಸಂದಿ ಹಾಕಿದೆ, ಹುರುಳಿ ಹಾಕಿದೆ. ಸೋಯಾ ಕಾಳು ಬಹಳ ದಿನದಿಂದ ಮಾರಾಟವಾಗದೆ ಕೂತಿತ್ತು, ಅದಕ್ಕೂ ಪುಣ್ಯ ಬರಲಿ ಎಂದು ಸುರಿದೆ. ಒಣಗಿದ ನುಗ್ಗೆ ಸೊಪ್ಪು. ಅಗಸಿ ಬೀಜ, ಧಾರಾಳವಾಗಿ. ಮೆಂತ್ಯದ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲಿತ್ತು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬಿತ್ತು. ಮೆಂತ್ಯ ಒಳ್ಳೆಯದೇ, ಹೆಚ್ಚು ಬಿದ್ದರೆ ಹೆಚ್ಚು ಒಳ್ಳೆಯದು ಎಂದು ತೀರ್ಮಾನಿಸಿದೆ.

ಗಿರಣಿಯಲ್ಲಿ ಮೊದಲ ಅಪಶಕುನವಾಯಿತು. ನನ್ನ ಕಾಳು ಒಳಗಿಳಿದ ಸ್ವಲ್ಪ ಹೊತ್ತಿಗೆ ಕಲ್ಲು ನರಳತೊಡಗಿತು. ಆಮೇಲೆ ಸುಟ್ಟ ವಾಸನೆ. ಅಗಸಿಯ ಎಣ್ಣೆ ಕಲ್ಲಿಗೆ ಮೆತ್ತಿಕೊಂಡು ಹಿಟ್ಟು ಉಂಡೆ ಉಂಡೆಯಾಗಿ ಬೀಳತೊಡಗಿತು. ಗಿರಣಿಯವನು ಬೆಲ್ಟ್ ನಿಲ್ಲಿಸಿ ನನ್ನನ್ನೇ ನೋಡಿದ.

“ಸಾವ್ಕಾರ್ರ, ಇದು ಹಿಟ್ಟಿನ ಗಿರಣಿ ಐತ್ರಿ. ಎಣ್ಣಿ ಗಾಣ ಅಲ್ಲ.”

ಅವನು ಕಲ್ಲು ಬಿಚ್ಚಿ ಕೆರೆದು ಮತ್ತೆ ಕೂರಿಸುವವರೆಗೆ ಹಿಂದೆ ಡಬ್ಬಿ ಹಿಡಿದು ನಿಂತಿದ್ದವರೆಲ್ಲ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಅಂತೂ ಹಿಟ್ಟಾಯಿತು. ಹಸಿರೂ ಅಲ್ಲದ ಕಂದೂ ಅಲ್ಲದ ಒಂದು ಗಂಭೀರ ಬಣ್ಣ. ಮೂಗಿಗೆ ಹಿಡಿದರೆ ಕಷಾಯದ ಘಾಟು. ಇದೇ ಸತ್ವದ ಪರಿಮಳ ಎಂದು ಹಿಗ್ಗಿದೆ.

ಹೆಂಡತಿ ಬರುವುದರೊಳಗೆ ಕೆಲಸ ಮುಗಿಸಿ ಭೇಷ್ ಎನಿಸಿಕೊಳ್ಳಬೇಕೆಂದು ನಾನೇ ಬುಟ್ಟಿ ಹೊತ್ತು ಓಣಿಯಲ್ಲಿ ಹಂಚಿದೆ. ಗಂಡಸು ಅರಿಸಿನ ಕುಂಕುಮದ ಬುಟ್ಟಿ ಹಿಡಿದು ಬಂದದ್ದೇ ಅವರಿಗೊಂದು ತಮಾಷೆ. ಅದರ ಮೇಲೆ ಪ್ರತಿ ಬಾಗಿಲಲ್ಲೂ ಪ್ರೋಟೀನಿನ ಬಗ್ಗೆ ನನ್ನ ಭಾಷಣ. ಎದುರು ಮನೆಯ ಹುಲಿಗೆಮ್ಮ ಎಮ್ಮೆ ಕಟ್ಟಿ ಹಾಲು ಮಾರುವಾಕೆ, ಹೆಚ್ಚು ಮಾತಿನವಳಲ್ಲ. ಒಂದು ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ಉಜ್ಜಿದಳು, ಮೂಸಿದಳು, ನನ್ನ ಮುಖ ನೋಡಿದಳು.

“ಇಟ್ಟ ಹೋಗ್ರಿ ಅಣ್ಣಾರ” ಎಂದಳು, ಅಷ್ಟೇ.

ಮೆಚ್ಚುಗೆಯಿಂದ ಆಕೆಗೆ ಮಾತು ಹೊರಡಲಿಲ್ಲ ಎಂದುಕೊಂಡು ಮುಂದಿನ ಮನೆಗೆ ನಡೆದೆ.

ಕುಬಸದ ಹಿಂದಿನ ದಿನ ರೊಟ್ಟಿಗಳು ಬಂದವು. ಏನು ರೊಟ್ಟಿಗಳು! ತೆಳ್ಳಗೆ, ದುಂಡಗೆ, ಒಂದರ ಮೇಲೊಂದು ಪೇರಿಸಿದರೆ ಅಂಚು ಆಚೀಚೆ ಹೋಗದಂಥವು. ಬಣ್ಣ ಮಾತ್ರ ಬೆಳ್ಳಗಿತ್ತು. ಅಂಥ ಹಿಟ್ಟಿನಿಂದ ಬಿಳಿ ರೊಟ್ಟಿ ಹೇಗಾಯಿತು ಎಂಬ ಪ್ರಶ್ನೆ ಯಾವ ಮಂದಬುದ್ಧಿಗೂ ಬರಬೇಕಿತ್ತು. ನನಗೂ ಬಂತು. ಉತ್ತರವನ್ನೂ ನಾನೇ ಕಂಡುಹಿಡಿದೆ: ಹಂಚಿನ ಕಾವಿಗೆ ಸತ್ವವೆಲ್ಲ ಒಳಗೆ ಇಳಿದಿದೆ. ಶಂಕ್ರಮ್ಮನಿಗೆ ಇದನ್ನು ವಿವರಿಸಿದಾಗ ಆಕೆ ತಲೆಯಾಡಿಸಿ ಪುಂಡಿ ಸೊಪ್ಪು ಸೋಸುತ್ತ ಕೂತಳು. ಆಕೆ ಬಯ್ಯದೆ ಇದ್ದದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮರುದಿನ ಸಿಂಧನೂರಿನಿಂದ ಬೀಗರು ಬಂದರು. ಮಗಳಿಗೆ ಹಸಿರು ಸೀರೆ ಉಡಿಸಿ, ಆರತಿ ಮಾಡಿ, ತಟ್ಟೆ ಮುಂದಿಟ್ಟರು. ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿ ಪಲ್ಯ, ಅಲಸಂದಿ ಕಾಳಿನ ಪಲ್ಯ, ಅಗಸಿ ಹಿಂಡಿ ಎಂಬ ಚಟ್ನಿಪುಡಿಯ ಮೇಲೆ ಮೊಸರು, ಎಳೆಯ ಮೆಂತ್ಯ ಸೊಪ್ಪು, ಕೊನೆಗೆ ಬೆಲ್ಲ ಹಾಕಿದ ಹೆಸರುಬೇಳೆ ಪಾಯಸ. ನಾನು ಕಂಬಕ್ಕೊರಗಿ ನಿಂತು ನೋಡುತ್ತಿದ್ದೆ. ಸವಿತಾ ಒಂದು ತುತ್ತು ತಿಂದಳು. ಎರಡು ತಿಂದಳು. ಇನ್ನೇನು ತಟ್ಟೆ ಸರಿಸುತ್ತಾಳೆ ಅನ್ನುವಷ್ಟರಲ್ಲಿ ಪುಂಡಿ ಪಲ್ಯ ಇನ್ನಷ್ಟು ಬೇಕೆಂದಳು. ಆಮೇಲೆ ಮತ್ತೊಂದು ರೊಟ್ಟಿ ಕೇಳಿದಳು. ರೊಟ್ಟಿ ಮುರಿಯುವ ಆ ಚಟಪಟ ಸದ್ದು ಕೇಳಿ ನನ್ನ ಕಣ್ಣು ತುಂಬಿ ಬಂತು. ಎಷ್ಟೋ ದಿನಗಳ ಮೇಲೆ ನನ್ನ ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಕಣ್ಣು ಒರೆಸಿಕೊಂಡು ಬಾಯಿ ತೆರೆದೆ. ಈ ರೊಟ್ಟಿಯ ಮಹಿಮೆ ಏನು, ಇದರಲ್ಲಿ ಯಾವ ಯಾವ ಕಾಳಿವೆ, ಯಾವುದು ರಕ್ತಕ್ಕೆ, ಯಾವುದು ಎಲುಬಿಗೆ, ಇದನ್ನು ಬೀಸಿಸಿದ ಮಹಾನುಭಾವ ಯಾರು ಎಂದು ನೆರೆದ ಬೀಗರಿಗೆಲ್ಲ ಸವಿಸ್ತಾರವಾಗಿ ನಿವೇದಿಸಿಕೊಂಡೆ. ಶಂಕ್ರಮ್ಮ ಕೆಮ್ಮಿದಳು. ನೀರು ಕುಡಿ ಎಂದು ಹೇಳಿ ಮುಂದುವರಿಸಿದೆ. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡರು.

ಮಗಳ ಅತ್ತೆ ನಾಗಮ್ಮ ರೊಟ್ಟಿ ಬಡಿಯುವುದರಲ್ಲಿ ಹೆಸರಾದವರು. ಅವರು ಬಹಳ ಆಸ್ಥೆಯಿಂದ ಕೇಳಿದರು:

“ಬೀಗರ, ಆ ಹಿಟ್ಟು ಇನ್ನ ಉಳದೈತೇನ್ರಿ? ಸೊಸಿಗೆ ಒಂದು ಬಿಸಿ ರೊಟ್ಟಿ ಬಡದು ಕೊಡ್ತೀನಿ.”

ಹಂಚಿ ಉಳಿದದ್ದು ಚೀಲದಲ್ಲಿತ್ತು. ಹೆಂಡತಿ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರೂ ಓಡಿ ತಂದು ಕೊಟ್ಟೆ. ನಾಗಮ್ಮ ಬಿಸಿನೀರು ಹಾಕಿ ನಾದಿದರು. ಹಿಟ್ಟು ಕೂಡಲಿಲ್ಲ. ಇನ್ನಷ್ಟು ನಾದಿದರು. ಉಂಡೆ ಮಾಡಿ ಬಡಿದರೆ ಸುತ್ತಲೂ ಬಿರುಕು. ಎತ್ತಿ ಹಂಚಿಗೆ ಹಾಕುವಾಗ ಮೂರು ಕಡೆ ಹರಿಯಿತು. ಬೆಂದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡವರು ನುಂಗಲೂ ಆಗದೆ, ಬೀಗರ ಮನೆಯಲ್ಲಿ ಉಗುಳಲೂ ಆಗದೆ ನಿಂತುಬಿಟ್ಟರು. ಕೊನೆಗೆ ಹೇಗೋ ನುಂಗಿದರು. ಅದು ಅವರ ದೊಡ್ಡತನ.

ಹುಲಿಗೆಮ್ಮ ಮುಂದೆ ಬಂದು ನಾಗಮ್ಮನವರಿಗೆ ತಂಬಿಗೆಯಲ್ಲಿ ನೀರು ಕೊಟ್ಟು ಹೇಳಿದಳು: “ಯಕ್ಕಾ, ಆ ಹಿಟ್ಟಿಲೆ ಯಾರೂ ರೊಟ್ಟಿ ಬಡದಿಲ್ಲ. ನಾವೆಲ್ಲ ನಮ್ಮ ನಮ್ಮ ಮನಿ ಹಿಟ್ಟಿಲೆ ಬಡದೀವಿ. ಕುಬಸಕ್ಕ ಅಂತ ಅರಿಸಿನ ಕುಂಕುಮ ಇಟ್ಟು ಕೊಟ್ಟ ಹಿಟ್ಟು ಹೊಳ್ಳಿ ಹೆಂಗ ಕೊಡೂದು?”

ನಾನು ನೆಲ ನೋಡಿದೆ. ಆಕೆ ನನ್ನ ಕಡೆ ತಿರುಗಿ, ಮಗುವಿಗೆ ಹೇಳುವಷ್ಟು ಮೆತ್ತಗೆ ಮುಂದುವರಿಸಿದಳು:

“ಅಣ್ಣಾರ, ನೀವು ಹಿಟ್ಟಿನ್ಯಾಗ ಸುರಿದದ್ದು ಭಾಳಷ್ಟು ಈ ತಾಟಿನ್ಯಾಗ ಐತಿ ನೋಡ್ರಿ. ಬ್ಯಾರೆ ಬ್ಯಾರೆ ಐತಿ, ಅಷ್ಟ.”

ತಟ್ಟೆ ನೋಡಿದೆ. ಹೌದು. ಹೆಸರು ಪಾಯಸದಲ್ಲಿತ್ತು. ಅಲಸಂದಿ ಪಲ್ಯದಲ್ಲಿ, ಅಗಸಿ ಹಿಂಡಿಯಲ್ಲಿ, ಮೆಂತ್ಯ ಹಸಿ ಸೊಪ್ಪಾಗಿ ಅಂಚಿನಲ್ಲಿ. ನಾನು ಗಿರಣಿಯ ಕಲ್ಲು ಕೆಡಿಸಿ ಸಾಧಿಸಲಾಗದ್ದನ್ನು ಈ ಹೆಂಗಸರು ದಿನಾ ಮಾಡಿ, ಉಣಿಸಿ, ತಟ್ಟೆ ತೊಳೆದಿಡುತ್ತಿದ್ದಾರೆ. ಯಾರೂ ಅದಕ್ಕೆ ಭಾಷಣ ಮಾಡುವುದಿಲ್ಲ. ನಾನೂ ಹುಟ್ಟಿದಾಗಿನಿಂದ ಅದನ್ನೇ ಉಂಡು ಬೆಳೆದವನು, ಒಮ್ಮೆಯೂ ತಟ್ಟೆಯ ಕಡೆ ಹೀಗೆ ನೋಡಿರಲಿಲ್ಲ. ಅವರ ಮೇಲೆ ಅಂದು ನನಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಶಂಕ್ರಮ್ಮನಿಗೆ ಮುದಗಲ್ಲಿನಿಂದ ಬಂದ ಸಂಜೆಯೇ ಎಲ್ಲ ಗೊತ್ತಾಗಿತ್ತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಮಗಳ ಮ್ಯಾಗಿನ ಜೀವಕ್ಕ ಮಾಡಿದ್ರಿ. ಏನಂತ ಬಯ್ಲಿ?” ಎಂದಳು. ಸವಿತಾ ಇಷ್ಟೂ ಹೊತ್ತು ನಗು ತಡೆದುಕೊಂಡಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಪಾಯಸ ಮುಗಿಸಿದಳು. ಅಂದಿನಿಂದ ಹೊತ್ತು ಹೊತ್ತಿಗೆ ತಟ್ಟೆ ಖಾಲಿಯಾಗತೊಡಗಿತು, ಮುಂದಿನ ಸಲ ಲಿಂಗಸುಗೂರಿಗೆ ಹೋದಾಗ ರಕ್ತ ಏರಿದೆ ಎಂದು ಡಾಕ್ಟರಮ್ಮ ಹೇಳಿದರು.

ಓಣಿಗೆಲ್ಲ ಹಂಚಿದ ನನ್ನ ಹಿಟ್ಟು ಕೊನೆಗೆ ಸೇರಿದ್ದು ಹುಲಿಗೆಮ್ಮನ ಎಮ್ಮೆಯ ಮೇವಿನ ದೋಣಿಗೆ. ಮರುವಾರ ಆ ಎಮ್ಮೆ ಗೂಟ ಕಿತ್ತುಕೊಂಡು ನೇರವಾಗಿ ನನ್ನ ಅಂಗಡಿಯ ಮುಂದೆ ಬಂದು ನಿಂತಿತು. ನನ್ನ ಮುಖ ನೋಡಿತು, ಚೀಲಗಳ ಕಡೆ ನೋಡಿತು, ಎಷ್ಟು ಹೊಡೆದರೂ ಕದಲಲಿಲ್ಲ. ನನ್ನ ಪಾಕಶಾಸ್ತ್ರವನ್ನು ಮೆಚ್ಚಿ ಮತ್ತೊಮ್ಮೆ ಬಡಿಸೆಂದು ಕೇಳಿಕೊಂಡು ಬಂದವರು ಈವರೆಗೆ ಅದೊಂದೇ.