ಹಿಲ್ಕೀಯನ ಆಣೆ, ಶೆಲೋಮಿತಳ ಸಾರು

ಒಂದು ಸೌಟು ಸಾರಿನಲ್ಲಿ ಉಪ್ಪು ಹೆಚ್ಚಾಯಿತು ಅನ್ನಿಸಿದ್ದೇ ಎಲ್ಲಕ್ಕೂ ಮೂಲ. ಸಿಪ್ಪೋರಿ ಊರಿನ ಕುಂಬಾರ ಹಿಲ್ಕೀಯ ಸೌಟನ್ನು ನೆಲಕ್ಕೆ ಕುಕ್ಕಿ, "ಇವತ್ತಿನಿಂದ ನಿನ್ನ ಕೈಯಡುಗೆ ನನಗೆ ದೇವರಿಗೇ ಮೀಸಲಾದ ಬಲಿಪೀಠದ ಮಾಂಸ ಇದ್ದ ಹಾಗೆ. ಮುಟ್ಟಲ್ಲ!" ಎಂದು ಆಣೆಯಿಟ್ಟುಬಿಟ್ಟ.

"ಆಯ್ತು ಬಿಡಿ," ಎಂದಳು ಹೆಂಡತಿ ಶೆಲೋಮಿತ್. "ಸಂಜೆಯಿಂದ ದೊಡ್ಡ ಉಪವಾಸ. ನಾಳೆ ರಾತ್ರಿವರೆಗೆ ಹನಿ ನೀರೂ ಇಲ್ಲ. ನೆನಪಿದೆ ತಾನೇ?"

ನೆನಪಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಹೊಟ್ಟೆ ತುಂಬಿಸಿಕೊಳ್ಳದಿದ್ದರೆ ಕೆಟ್ಟೆ ಎಂದುಕೊಂಡು ಪಕ್ಕದ ಮನೆಯ ನೇಕಾರ ಮತ್ಯನ ಹತ್ತಿರ ರೊಟ್ಟಿ ಕೇಳಿದ.

"ಕೊಡ್ತಿದ್ದೆ ಮಾರಾಯ. ಆದ್ರೆ ಇವತ್ತು ಅಂಗಳದ ಒಲೆ ಸರದಿ ನಿನ್ನ ಹೆಂಡತೀದು. ಓಣಿಯವರ ರೊಟ್ಟಿಯೆಲ್ಲ ಅವಳೇ ನಾದಿ ಸುಟ್ಟಿದ್ದು."

ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕೆನಿಸಿತು ಹಿಲ್ಕೀಯನಿಗೆ. ಇನ್ನು ಆಣೆ ಬಿಡಿಸಿಕೊಳ್ಳುವುದೊಂದೇ ದಾರಿ. ಅದಕ್ಕೆ ಮೂವರು ಗಂಡಸರು ಕೂತು ತೀರ್ಪು ಹೇಳಬೇಕು. ಮತ್ಯ ಒಪ್ಪಿದ. ಎಣ್ಣೆಗಾಣದ ಪಪ್ಪೋಸ್ "ನನ್ನ ಬಿಟ್ಟು ತೀರ್ಪೇ?" ಎಂದು ಕರೆಯದೆಯೇ ಬಂದ. ಮುದುಕ ಎಲ್ಯಾಷೀಬನನ್ನು ಸ್ನಾನದ ಕೊಳದಿಂದ ಎಬ್ಬಿಸಿ ತರುವಷ್ಟರಲ್ಲಿ ಬಿಸಿಲು ಗೋಡೆಯ ತುದಿಗೇರಿತ್ತು.

"ಬೇಗ ಹೇಳ್ರಪ್ಪಾ, ಆಣೆ ಬಿಟ್ಟಿತು ಅಂತ!"

"ಅವಸರ ಮಾಡ್ಬೇಡ," ಎಂದ ಎಲ್ಯಾಷೀಬ. "ಉಪ್ಪು ಜಾಸ್ತಿ ಅಂತ ತಾನೇ ಆಣೆಯಿಟ್ಟಿದ್ದು? ಜಾಸ್ತಿ ಇಲ್ಲದಿದ್ರೆ ಅದು ತಪ್ಪು ತಿಳಿದು ಇಟ್ಟ ಆಣೆ, ತಾನಾಗೇ ಬಿದ್ದುಹೋಗುತ್ತೆ. ಶೆಲೋಮಿತಮ್ಮಾ, ಆ ಗಡಿಗೆ ತಾ."

ಪಪ್ಪೋಸ್ ರುಚಿ ನೋಡಿ "ಕೊಂಚ ಉಪ್ಪೇ" ಎಂದ. ಮತ್ಯ "ಮೇಲುಗಡೆ ಹಾಗಿರಬಹುದು, ತಳ ನೋಡೋಣ" ಎಂದ. ಬೇಳೆಯ ಪರೀಕ್ಷೆ ಬೇರೆಯಾಯಿತು, ಕುರಿಮಾಂಸದ್ದು ಬೇರೆಯಾಯಿತು. ರೊಟ್ಟಿಯಿಲ್ಲದೆ ಉಪ್ಪಿನ ಹದ ತಿಳಿಯದು ಎಂದು ಮುದುಕ ರೊಟ್ಟಿ ತರಿಸಿದ. ಹಿಲ್ಕೀಯ ಪಕ್ಕದಲ್ಲಿ ನಿಂತು ಜೊಲ್ಲು ನುಂಗುತ್ತಿದ್ದ.

"ಇನ್ನೂ ಎಷ್ಟು ನೋಡ್ತೀರಿ?"

"ಧರ್ಮದ ವಿಷಯ ಕಣೋ, ಸುಮ್ನಿರು!"

ಕೊನೆಗೆ ಎಲ್ಯಾಷೀಬ ಗಡ್ಡ ಒರೆಸಿಕೊಂಡು ಎದ್ದ. "ಮೂವರದ್ದೂ ಒಂದೇ ಮಾತು. ಉಪ್ಪು ಹದವಾಗಿದೆ. ಇಂಥ ಸಾರು ಊರಲ್ಲೇ ಇಲ್ಲ. ನಿನ್ನ ಆಣೆ ಬಿದ್ದುಹೋಯ್ತು. ಹೋಗು, ಹೊಟ್ಟೆ ತುಂಬ ತಿನ್ನು."

ಹಿಲ್ಕೀಯ ಗಡಿಗೆಗೆ ಕೈಹಾಕಿದ. ಒಂದು ಮೂಳೆ ಸಿಕ್ಕಿತು. ಅದನ್ನು ಬಾಯಿಗಿಡುವಷ್ಟರಲ್ಲಿ ಉಪವಾಸದ ಕೊಂಬು ಮೊಳಗಿತು.

ಶೆಲೋಮಿತ್ ಅವನ ಕೈಯಿಂದ ಮೂಳೆ ಕಿತ್ತುಕೊಂಡಳು. ಹೊಗಳಿಕೆಗೆ ಅವಳ ಮುಖ ಅರಳಿತ್ತು.

"ಬೇಜಾರು ಮಾಡ್ಕೋಬೇಡಿ. ನಾಳೆ ರಾತ್ರಿ ಇದನ್ನೇ ಮಾಡ್ತೀನಿ," ಎಂದಳು. "ಪಾಪ, ಅಷ್ಟು ಮೆಚ್ಚಿಕೊಂಡ್ರಲ್ಲ, ಆ ಮೂವರನ್ನೂ ಊಟಕ್ಕೆ ಕರೆದಿದೀನಿ."